ಸೊನ್ನೆಯ ಜಾಗದಲ್ಲಿ ಬಿಂದು

ಧಾರವಾಡದ ಒಂದು ಅಚ್ಚುಕೂಟದಲ್ಲಿ ನಾನು 31 ವರ್ಷ ಕರಡು ತಿದ್ದಿದವಳು. 1979ರಲ್ಲಿ ಸೇರಿದಾಗ ಅದು ಮೊಳೆ ಜೋಡಿಸುವ ಕಾಲ. 2010ರಲ್ಲಿ ಅಚ್ಚುಕೂಟ ಮುಚ್ಚುವ ಹೊತ್ತಿಗೆ ಮೊಳೆಗಳೆಲ್ಲ ಸೀಸದ ತೂಕಕ್ಕೆ ಮಾರಿಹೋಗಿ, ಕೇಸುಗಳಿದ್ದ ಗೋಡೆಯ ಬದಿಗೆ ನಾಲ್ಕು ಕಂಪ್ಯೂಟರು ಬಂದಿದ್ದವು. ಆಗ ನನ್ನ ಕೈದಾಟಿ ಹೋದ ಪುಸ್ತಕಗಳನ್ನು ಈಗ ತೆರೆದರೆ ಬರೆದವರ ಹೆಸರಿದೆ, ಪ್ರಕಾಶಕರ ಹೆಸರಿದೆ, ರಕ್ಷಾಪುಟದ ಚಿತ್ರ ಬರೆದವರ ಹೆಸರಿದೆ, ಅಚ್ಚುಕೂಟದ ವಿಳಾಸವೂ ಇದೆ. ಕರಡು ತಿದ್ದಿದವರ ಹೆಸರು ಹಾಕುವ ರೂಢಿ ನಮ್ಮಲ್ಲಿ ಇರಲಿಲ್ಲ. ತಿದ್ದುಪಡಿ ಮುಗಿದ ಮೇಲೆ ಕರಡಿನ ಹಾಳೆಗಳನ್ನು ಕಟ್ಟು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರು. ಮಳೆಗಾಲಕ್ಕೆ ಮುಂಚೆ ರದ್ದಿಗೆ ಹೋಗುತ್ತಿದ್ದವು.

ನಾನು ತಿದ್ದಿದ ಒಂದು ಅಕ್ಷರದ ಪಕ್ಕದಲ್ಲಿ ನನ್ನ ಹೆಸರು ಮೊದಲ ಸಲ ಬಿದ್ದದ್ದು ನನಗೆ 64 ವರ್ಷವಾದಾಗ, ಕನ್ನಡಕ್ಕಾಗಿ ತಂತ್ರಾಂಶ ಬರೆಯುವ ಸ್ವಯಂಸೇವಕರ ಒಂದು ಸಣ್ಣ ಗುಂಪಿನ ವೆಬ್‌ಸೈಟಿನಲ್ಲಿ. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗ ಆ ಗುಂಪಿನವನು. ಹತ್ತು ಹನ್ನೆರಡು ಜನ. ಕೆಲವರು ಬೆಂಗಳೂರು, ಒಬ್ಬಳು ಶಿವಮೊಗ್ಗ, ಇಬ್ಬರು ಹುಬ್ಬಳ್ಳಿ. ಹೊಟ್ಟೆಪಾಡಿಗೆ ಬೇರೆ ಬೇರೆ ಕಂಪನಿಗಳಲ್ಲಿ ದುಡಿಯುವವರು, ರವಿವಾರ ಕನ್ನಡದ ಕೆಲಸಕ್ಕೆ ಕೂಡುವವರು. ಕನ್ನಡದಲ್ಲಿ ಟೈಪ್ ಮಾಡುವುದು ಹೇಗೆ ಎಂದು ಅವರ ಸೈಟಿನಲ್ಲೊಂದು ಪಾಠವಿತ್ತು. ನನಗೆ ಕಲಿಯಬೇಕಿತ್ತು, ಓದುತ್ತಾ ಕೂತೆ. ಮೇಲೆ ಓದಿದ್ದ 'ಸಂಯುಕ್ತಾಕ್ಷರ' ಎಂಬ ಮಾತನ್ನು ಮತ್ತೆ ನೋಡಬೇಕೆನಿಸಿ ಹುಡುಕುವ ಪಟ್ಟಿಯಲ್ಲಿ ಬರೆದೆ. ಇಲ್ಲ ಎಂದಿತು. ಪದ ಕಣ್ಣೆದುರಿಗೇ ಇದೆ, ಯಂತ್ರ ಇಲ್ಲ ಎನ್ನುತ್ತದೆ.

ಕಾರಣ ಹೊಳೆಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಮೊಳೆಯ ಕಾಲದಲ್ಲಿ ಇದೇ ಪೀಡೆ ಇನ್ನೊಂದು ರೂಪದಲ್ಲಿತ್ತು. ಹದಿನಾರು ಪುಟದ ಫಾರಂ ಕಟ್ಟುವಾಗ ಅನುಸ್ವಾರದ, ಅಂದರೆ ಬಿಂದುವಿನ, ಮೊಳೆ ಮುಗಿದುಹೋದರೆ ಕಂಪೋಸಿಟರು ಸೊನ್ನೆಯ ಮೊಳೆ ಇಟ್ಟು ಕೆಲಸ ಸಾಗಿಸುತ್ತಿದ್ದರು. ಕಾಗದದ ಮೇಲೆ ಅದು ಒಂದು ಕೂದಲೆಳೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ನಾನು ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ಬಿಂದು ಸಿಕ್ಕರೆ ಬದಲಿಸುತ್ತಿದ್ದರು, ಇಲ್ಲದಿದ್ದರೆ ಹಾಗೇ ಅಚ್ಚಾಗುತ್ತಿತ್ತು. ಓದುವವರಿಗೆ ಅದರಿಂದ ತೊಂದರೆಯೇನೂ ಆಗುತ್ತಿರಲಿಲ್ಲ. ಪರದೆಯ ಮೇಲೆ ಮಾತ್ರ ತೊಂದರೆ ನಿಜವಾದದ್ದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡದ ಬಿಂದುವಿಗೆ 3202 ಎಂಬ ಸಂಖ್ಯೆ, ಕನ್ನಡದ ಸೊನ್ನೆಗೆ 3302. ಸರಿಯಾಗಿ ನೂರರ ಅಂತರ. ಯಂತ್ರ ನೋಡುವುದು ಸಂಖ್ಯೆಯನ್ನು, ಗುಂಡಗಿನ ಆಕಾರವನ್ನಲ್ಲ. ಆ ಪಾಠ ಬರೆದವರು ಬಿಂದು ಬೇಕಾದಲ್ಲೆಲ್ಲ ಸೊನ್ನೆ ಒತ್ತಿದ್ದರು.

ತಂಗಿಯ ಮಗನಿಗೆ ಹೇಳಿದೆ. "ದೊಡ್ಡವ್ವ, ನೀನ ತಿದ್ದಿ ಕಳಸು" ಅಂದ.

"ಅವರ ಸೈಟು. ನಾನ್ಯಾಕ ಕೈ ಹಾಕ್ಲಿ?"

"ಕೈ ಹಾಕ್ಲಿ ಅಂತನ ತೆರೆದಿಟ್ಟಾರ."

ತೆರೆದಿಡುವುದು ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. ಅಚ್ಚುಕೂಟದಲ್ಲಿ ಚೇಸ್ ಎಂಬ ಚೌಕಟ್ಟಿಗೆ ಹಾಕಿ ಬಿಗಿದ ಫಾರಮ್ಮನ್ನು ಹೊರಗಿನವರು ಮುಟ್ಟುವಂತಿರಲಿಲ್ಲ. ಲೇಖಕರು ಬಂದರೂ ಗ್ಯಾಲಿಯ ಕರಡಿನ ಮೇಲೆ ಬರೆದುಕೊಡಬೇಕು, ಮೊಳೆ ಮುಟ್ಟಬಾರದು. ಯಾರೋ ಅಪರಿಚಿತರು ಬಂದು ತಿದ್ದಲಿ ಎಂದು ತಮ್ಮ ಪುಟವನ್ನು ಮೂಲದ ಸಮೇತ ಎದುರಿಗಿಡುವ ಈ ರೂಢಿ ಎಲ್ಲಿಂದ ಬಂತು? ಆ ಚಳಿಗಾಲವೆಲ್ಲ ಅದನ್ನೇ ಹುಡುಕುತ್ತಾ ಕಳೆದೆ. ಹುಡುಕಿದಷ್ಟೂ ಅದು ನನ್ನ ಕಸುಬಿನದೇ ಇನ್ನೊಂದು ಕವಲು ಅನಿಸತೊಡಗಿತು.

ಮೊದಲ ಬೇರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದೆ. 1974ರಲ್ಲಿ ಕಾರ್ಯಾಚರಣ ವ್ಯವಸ್ಥೆಯಾದ ಯುನಿಕ್ಸ್‌ನ ಐದನೆಯ ಆವೃತ್ತಿಯ ಜೊತೆ 'ಡಿಫ್' ಎಂಬ ಒಂದು ಸಣ್ಣ ತಂತ್ರಾಂಶ ಹೊರಬಂತು. ಬರೆದವರು ಡಗ್ಲಸ್ ಮೆಕಿಲ್‌ರಾಯ್. ಎರಡು ಕಡತಗಳನ್ನು ಕೊಟ್ಟರೆ ಯಾವ ಸಾಲು ಹೋಗಿದೆ, ಯಾವ ಸಾಲು ಬಂದಿದೆ ಎಂದು ಅದು ಹೇಳುತ್ತದೆ. ಅದರ ಒಳಗಿನ ಲೆಕ್ಕಾಚಾರವನ್ನು ಅವರೂ ಜೇಮ್ಸ್ ಹಂಟ್ ಎಂಬವರೂ ಸೇರಿ 1976ರಲ್ಲಿ ಒಂದು ಪ್ರಬಂಧವಾಗಿ ಬರೆದರು. ಅದರ ಉಪಾಯ ಕೇಳಿ ನನಗೆ ಬಹಳ ಸಂತೋಷವಾಯಿತು. ಡಿಫ್ ತಪ್ಪನ್ನು ಹುಡುಕುವುದಿಲ್ಲ. ಎರಡೂ ಕಡತಗಳಲ್ಲಿ ಅದೇ ಕ್ರಮದಲ್ಲಿ ಉಳಿದಿರುವ ಸಾಲುಗಳ ಅತಿ ಉದ್ದದ ಸರಣಿಯನ್ನು ಮೊದಲು ಗುರುತಿಸುತ್ತದೆ. ಅದರಾಚೆ ಉಳಿದದ್ದೇ ಬದಲಾವಣೆ. ನಮ್ಮಲ್ಲಿ ಇಬ್ಬರು ಎದುರುಬದುರು ಕೂತು ಕರಡು ಓದುತ್ತಿದ್ದೆವು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ ಓದುವುದು, ಇನ್ನೊಬ್ಬರು ಅಚ್ಚಿನ ಮೇಲೆ ಕಣ್ಣಾಡಿಸುತ್ತಾ ಹೂಂಗುಟ್ಟುವುದು. ಹೂಂ ನಿಂತಲ್ಲಿ ತಪ್ಪು. ಡಿಫ್ ಮಾಡುವುದೂ ಅದನ್ನೇ.

ವ್ಯತ್ಯಾಸ ಗೊತ್ತಾದರೆ ಸಾಲದು, ಅದನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕು. ಇಡೀ ಕಡತ ಕಳಿಸಲು ಆಗಿನ ಫೋನ್ ತಂತಿಗಳು ತೀರ ನಿಧಾನ. 1985ರ ಮೇ ತಿಂಗಳಲ್ಲಿ ಲ್ಯಾರಿ ವಾಲ್ 'ಪ್ಯಾಚ್' ಎಂಬ ತಂತ್ರಾಂಶ ಬರೆದು ಹಂಚಿದರು. ಡಿಫ್ ಕೊಟ್ಟ ವ್ಯತ್ಯಾಸದ ಪಟ್ಟಿಯನ್ನಷ್ಟೇ ಕಳಿಸಿದರೆ ಸಾಕು, ಆ ಕಡೆ ಇರುವವರ ಪ್ಯಾಚ್ ಅದನ್ನು ಅವರ ಕಡತಕ್ಕೆ ಹಚ್ಚುತ್ತದೆ. ಅಷ್ಟರಲ್ಲಿ ಅವರ ಕಡತದಲ್ಲಿ ಬೇರೆ ಸಾಲುಗಳು ಸೇರಿ ಸಾಲಿನ ಸಂಖ್ಯೆ ಸರಿದುಹೋಗಿದ್ದರೂ ಅದು ಹಿಂದುಮುಂದಿನ ಸಾಲುಗಳನ್ನು ನೋಡಿ ಜಾಗ ಪತ್ತೆಮಾಡುತ್ತದೆ. 'ಪುಟ 43, ಕೆಳಗಿನಿಂದ ಐದನೇ ಸಾಲು' ಎಂದು ಬರೆದರೆ ಪುಟ ಸರಿದಾಗ ಕೆಡುತ್ತದೆ. ಹಿಂದುಮುಂದಿನ ಎರಡು ಪದ ಸೇರಿಸಿ ಬರೆದರೆ ಕೆಡುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಹೇಳಿಕೊಟ್ಟ ಪಾಠ ಇದು.

ಪ್ಯಾಚ್ ಎಂದರೆ ತೇಪೆ. ಈ ಹೆಸರು ಬರೀ ಉಪಮೆಯಿಂದ ಬಂದದ್ದಲ್ಲ. 1944ರ ಹಾರ್ವರ್ಡ್ ಮಾರ್ಕ್ ಒಂದು ಎಂಬ ಗಣಕಯಂತ್ರಕ್ಕೆ ಆದೇಶಗಳನ್ನು ಕಾಗದದ ಉದ್ದ ಪಟ್ಟಿಯಲ್ಲಿ ತೂತು ಹೊಡೆದು ಕೊಡುತ್ತಿದ್ದರು. ತೂತು ತಪ್ಪಾದರೆ ಅದರ ಮೇಲೆ ಕಾಗದದ ತುಂಡು ಅಂಟಿಸಿ ಮುಚ್ಚುತ್ತಿದ್ದರು. ಹಾಗೆ ತೇಪೆ ಹಚ್ಚಿದ ಪಟ್ಟಿಗಳು ಇಂದಿಗೂ ಉಳಿದಿವೆ. ಇನ್ನೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವವರಲ್ಲಿ ಒಬ್ಬರಾದ ಆಂಡ್ರ್ಯೂ ಮಾರ್ಟನ್ ತಮ್ಮ ಬಳಿ ಬಂದು ಬೀಳುವ ನೂರಾರು ತೇಪೆಗಳನ್ನು ಒಂದರ ಮೇಲೊಂದು ಒಟ್ಟಿ, ಬೇಕಾದಾಗ ತೆಗೆದು, ಮತ್ತೆ ಹಚ್ಚಲು ಕೆಲವು ಸಣ್ಣ ಸಾಧನ ಮಾಡಿಕೊಂಡಿದ್ದರು. ಅವುಗಳಿಂದ ಬೆಳೆದ ತಂತ್ರಾಂಶದ ಹೆಸರು 'ಕ್ವಿಲ್ಟ್'. ಅಂದರೆ ಕೌದಿ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಸೇರಿಸಿ ನನ್ನವ್ವ ಹೊಲಿದ ಕೌದಿ ಈಗಲೂ ನನ್ನ ಹಾಸಿಗೆಯ ಮೇಲಿದೆ. ಅದರಲ್ಲಿ ಯಾವ ತುಂಡು ಯಾರ ಸೀರೆಯದೆಂದು ಅವ್ವ ಹೇಳಬಲ್ಲವಳಾಗಿದ್ದಳು.

ಯಾವ ತುಂಡು ಯಾರದು ಎಂಬುದೇ ಮುಂದೆ ದೊಡ್ಡ ಪ್ರಶ್ನೆಯಾಯಿತು. ಲಿನಕ್ಸ್ 1991ರಲ್ಲಿ ಹುಟ್ಟಿದಾಗಿನಿಂದ ಲೋಕದ ಮೂಲೆಮೂಲೆಯಿಂದ ಇ-ಮೇಲಿನಲ್ಲಿ ತೇಪೆಗಳು ಬರುತ್ತಿದ್ದವು. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ ಲಿನಕ್ಸ್‌ನಲ್ಲಿ ತನ್ನ ಸ್ವತ್ತು ಸೇರಿದೆಯೆಂದು ಐಬಿಎಂ ಮೇಲೆ ದಾವೆ ಹೂಡಿತು. ಮರುವರ್ಷ ಒಂದು ಹೊಸ ನಡಾವಳಿ ಬಂತು: ಪ್ರತಿ ತೇಪೆಯ ಕೆಳಗೆ ಬರೆದವರ ಸಹಿ, ಅದನ್ನು ನೋಡಿ ಮುಂದೆ ಸಾಗಿಸಿದವರ ಸಹಿ. ಇದು ನಮ್ಮಲ್ಲೂ ಇತ್ತು. ಮೊದಲ ಕರಡಿನ ಮೂಲೆಯಲ್ಲಿ ನನ್ನ ಚಿಕ್ಕ ಸಹಿ ಮತ್ತು ತಾರೀಕು, ಪುಟದ ಕರಡಿಗೆ ಲೇಖಕರ ಸಹಿ, ಕೊನೆಗೆ 'ಪ್ರಿಂಟ್ ಆರ್ಡರ್'. ವ್ಯತ್ಯಾಸ ಇಷ್ಟೇ: ನಮ್ಮ ಸಹಿಗಳು ರದ್ದಿಗೆ ಹೋದವು, ಅವರವು ಉಳಿದವು.

ಉಳಿಯುವಂತೆ ಮಾಡಿದ್ದು ಗಿಟ್. 2005ರ ಏಪ್ರಿಲ್‌ನಲ್ಲಿ, ಲಿನಕ್ಸ್‌ನವರು ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನದ ಉಚಿತ ಪರವಾನಗಿ ತಪ್ಪಿಹೋದಾಗ, ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ತಾವೇ ಗಿಟ್ ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಅದು ತನ್ನ ಬದಲಾವಣೆಗಳನ್ನು ತಾನೇ ದಾಖಲಿಸಿಕೊಳ್ಳುವಷ್ಟು ಬೆಳೆಯಿತು. ಜುಲೈನಲ್ಲಿ ಅದರ ಹೊಣೆಯನ್ನು ಜೂನಿಯೋ ಹಮಾನೋ ವಹಿಸಿಕೊಂಡರು. ಗಿಟ್‌ನಲ್ಲಿ ಪ್ರತಿ ಬದಲಾವಣೆಗೂ ಅದರ ಒಳಗಿನ ಬರಹದಿಂದಲೇ ಹುಟ್ಟುವ 40 ಅಕ್ಷರದ ಒಂದು ಗುರುತು. ಜೊತೆಗೆ ಹೆಸರು, ವೇಳೆ, ಯಾಕೆ ಬದಲಿಸಿದೆ ಎಂಬ ಒಂದು ಸಾಲು. ಹಿಂದಿನದನ್ನು ಅಳಿಸದೆ ಅದರ ಮೇಲೆ ಮುಂದಿನದು ಕೂಡುತ್ತಾ ಹೋಗುತ್ತದೆ. ನಮ್ಮ ಗದುಗಿನ ಕವಿ ಒಮ್ಮೆ ಬರೆದ ಪದವನ್ನು ಮತ್ತೆ ಅಳಿಸಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡವನು. ಅದು ಅವನ ಪ್ರತಿಭೆಗೆ ಸಂದ ಮಾತು. ಉಳಿದ ನಾವೆಲ್ಲ ತಿದ್ದಿ ತಿದ್ದಿ ಬರೆಯುವವರು. ತಿದ್ದಿದ್ದೆಲ್ಲ ಉಳಿಯುತ್ತದೆ ಎಂಬುದು ನನ್ನಂಥವಳಿಗೆ ದೊಡ್ಡ ಸಮಾಧಾನ. ಯಾವ ಸಾಲನ್ನು ಕೊನೆಯಲ್ಲಿ ಯಾರು ಮುಟ್ಟಿದರೆಂದು ತೋರಿಸುವ ಗಿಟ್‌ನ ಆದೇಶಕ್ಕೆ ಮಾತ್ರ 'ಬ್ಲೇಮ್' ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ನನಗೆ ಒಪ್ಪಿಗೆಯಾಗಿಲ್ಲ. ಅಲ್ಲಿ ಕಾಣುವುದು ದೂರಲ್ಲ, ದುಡಿಮೆ.

ಈಗ ಪುಟದ ಕಡೆಗೆ. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್‌ನಲ್ಲಿ 1990ರ ಕೊನೆಗೆ ನಿಲ್ಲಿಸಿದ, 1991ರ ಆಗಸ್ಟ್ 6ರಂದು ಹೊರಜಗತ್ತಿಗೆ ತಿಳಿಸಿದ ಆ ಮೊದಲ ವೆಬ್‌ಸೈಟು ಬರೀ ಸ್ಥಿರ ಪುಟಗಳ ಕಟ್ಟು. ಯಾರು ಕೇಳಿದರೂ ಅದೇ ಕಡತವನ್ನು ಹಾಗೆಯೇ ಕೊಡುವುದು. ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅವರು ಬರೆದ ಮೊದಲ ಬ್ರೌಸರಿನಲ್ಲಿ ಪುಟ ಓದುವುದೂ ತಿದ್ದುವುದೂ ಒಂದೇ ಕಿಟಕಿಯಲ್ಲಿ ಆಗುತ್ತಿತ್ತು. ಓದುಗನ ಕೈಯಲ್ಲೂ ಲೇಖನಿ ಇರಲಿ ಎಂದೇ ಅದನ್ನು ಕಟ್ಟಿದ್ದರು. 1993ರಲ್ಲಿ ಬಂದ ಮೊಸೇಕ್ ಬ್ರೌಸರು ಜಗತ್ತನ್ನೆಲ್ಲ ವೆಬ್ಬಿಗೆ ಎಳೆದು ತಂದಿತು, ಆದರೆ ಅದು ಓದುವುದಕ್ಕಷ್ಟೇ ಇತ್ತು. ಲೇಖನಿ ಓದುಗನ ಕೈಯಿಂದ ಜಾರಿತು. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ವಿಕಿ ಕಟ್ಟಿ ಅದನ್ನು ಒಂದು ಬದಿಯಿಂದ ಮರಳಿ ಕೊಟ್ಟರು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಉಳಿದ ಸೈಟುಗಳು ಅಷ್ಟರಲ್ಲಿ ಡೇಟಾಬೇಸುಗಳ ಮೇಲೆ ನಿಂತವು. ಪಿಎಚ್‌ಪಿ, ಮೈಸೀಕ್ವೆಲ್, ವರ್ಡ್‌ಪ್ರೆಸ್. ಯಾರಾದರೂ ಪುಟ ಕೇಳಿದಾಗ ಆ ಗಳಿಗೆಯಲ್ಲಿ ತುಂಡುಗಳನ್ನು ಹೆಕ್ಕಿ ಪುಟ ಜೋಡಿಸಿ ಕೊಡುವ ಪದ್ಧತಿ. ಅಂಗಡಿಗೆ, ಬ್ಯಾಂಕಿಗೆ ಅದು ಬೇಕೇಬೇಕು. ಹತ್ತು ಜನರ ಒಂದು ಗುಂಪಿಗೆ ಬೇಕಿತ್ತೇ?

ನಾನು ಬಲ್ಲ ಒಂದು ಸಾಹಿತ್ಯದ ಬಳಗ ಹಾಗೆಯೇ ಸೈಟು ಕಟ್ಟಿಸಿತ್ತು. ಐದಾರು ವರ್ಷ ಕಥೆ, ವಿಮರ್ಶೆ, ಹಿರಿಯರ ಸಂದರ್ಶನಗಳನ್ನು ಅದರಲ್ಲಿ ತುಂಬಿದರು. ಅದರ ಅರ್ಧಕ್ಕಿಂತ ಹೆಚ್ಚನ್ನು ನಾನೇ ತಿದ್ದಿಕೊಟ್ಟಿದ್ದೆ. ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಊರಿಗೆ ಹೋದ. ತಂತ್ರಾಂಶ ಹಳತಾಯಿತು, ಯಾರೋ ಒಳನುಗ್ಗಿ ಜಾಹೀರಾತು ತುಂಬಿದರು, ಒಂದು ವರ್ಷ ಬಾಡಿಗೆ ಕಟ್ಟುವುದು ತಪ್ಪಿತು. ಈಗ ಅಲ್ಲಿ ಏನೂ ಇಲ್ಲ. ತೀರಿಹೋದ ಇಬ್ಬರು ಹಿರಿಯರ ಮಾತುಗಳು ಬೇರೆಲ್ಲೂ ಅಚ್ಚಾಗಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದಲೇ 2008ರ ಕಥೆ ನನಗೆ ಮುಖ್ಯ. ಆ ವರ್ಷ, ಗಿಟ್ ಕಡತಗಳನ್ನು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಅದೇ ವರ್ಷದ ಕೊನೆಗೆ ಜೆಕಿಲ್ ಎಂಬ ತಂತ್ರಾಂಶ ಹೊರತಂದರು. ಡಿಸೆಂಬರ್‌ನಲ್ಲಿ ಗಿಟ್‌ಹಬ್ ಇಂಥ ಪುಟಗಳಿಗೆ ಪುಕ್ಕಟೆ ಜಾಗ ಕೊಡಲು ಶುರುಮಾಡಿತು. ಜೆಕಿಲ್ ಮಾಡುವುದನ್ನು ಅಚ್ಚುಕೂಟದ ಭಾಷೆಯಲ್ಲಿ ಹೇಳಿದರೆ ಸುಲಭ. ಬರಹ ಒಂದು ಕಡೆ. ಅದು ಸರಳ ಅಕ್ಷರದ ಕಡತ. ತಲೆಬರಹಕ್ಕೆ ಒಂದು ಗುರುತು, ಪಟ್ಟಿಗೆ ಒಂದು ಗುರುತು ಹಾಕುವ ಮಾರ್ಕ್‌ಡೌನ್ ಎಂಬ ಪದ್ಧತಿಯನ್ನು ಜಾನ್ ಗ್ರೂಬರ್ 2004ರಲ್ಲೇ ರೂಪಿಸಿದ್ದರು. ಪುಟದ ಅಳತೆ, ಅಂಚು, ಮೇಲಿನ ಹೆಸರು, ಕೆಳಗಿನ ವಿಳಾಸ ಇನ್ನೊಂದು ಕಡೆ. ಎರಡನ್ನೂ ಸೇರಿಸಿ ಎಲ್ಲ ಪುಟಗಳನ್ನು ಒಂದೇ ಸಲ ಅಚ್ಚು ಹಾಕಿ ಇಟ್ಟುಬಿಡುವುದು. ಓದುಗರು ಬಂದಾಗ ಅಚ್ಚಾದ ಹಾಳೆ ಕೊಟ್ಟರಾಯಿತು. ಡೇಟಾಬೇಸ್ ಇಲ್ಲ, ಹಾಗಾಗಿ ನುಗ್ಗುವವರಿಗೆ ಆ ಬಾಗಿಲೂ ಇಲ್ಲ. ನೋಡಿಕೊಳ್ಳುವವರು ಊರು ಬಿಟ್ಟರೂ ಹಾಳೆಗಳು ಅಲ್ಲಿರುತ್ತವೆ; ಮೂಲದ ಪೂರ್ತಿ ನಕಲು ಗುಂಪಿನ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ.

ಇದು ಸಣ್ಣವರ ಸಾಧನವೆಂದು ತಿಳಿಯಬಾರದು. ಅಮೆರಿಕ ಸರಕಾರ 2013ರಲ್ಲಿ ಆರೋಗ್ಯ ವಿಮೆಯ ಸೈಟನ್ನು ತೆರೆದಾಗ ಅದರ ಮಾಹಿತಿಯ ಪುಟಗಳನ್ನು ಜೆಕಿಲ್‌ನಲ್ಲೇ ಕಟ್ಟಿದ್ದರು. ಅಕ್ಟೋಬರ್ 1ರಂದು ನೋಂದಣಿಯ ಭಾಗ ಕುಸಿದುಬಿತ್ತು. ಲಕ್ಷಾಂತರ ಜನ ಬಂದ ಆ ಮೊದಲ ದಿನ ನೋಂದಣಿ ಮುಗಿಸಲು ಸಾಧ್ಯವಾದದ್ದು 6 ಮಂದಿಗೆ. ಕುಸಿದದ್ದು ಪ್ರತಿಯೊಬ್ಬರಿಗೂ ಆ ಗಳಿಗೆಯಲ್ಲಿ ಲೆಕ್ಕ ಹಾಕಿ ಪುಟ ಕಟ್ಟಿಕೊಡಬೇಕಾದ ಭಾಗ. ಅದೇ ವರ್ಷ ಹ್ಯೂಗೋ ಎಂಬ ಇನ್ನೊಂದು ಸಾಧನ ಬಂತು, ಆಮೇಲೆ ಹತ್ತಾರು.

ಪುಟ ಗಿಟ್‌ನಲ್ಲಿ ನೆಲೆಸಿದ್ದರಿಂದ ತೇಪೆಯ ರೂಢಿಯೂ ಪುಟಕ್ಕೆ ಬಂತು. ತಂತ್ರಾಂಶಕ್ಕೆ ತಿದ್ದುಪಡಿ ಕಳಿಸುವ ದಾರಿಯಲ್ಲೇ ಈಗ ಒಂದು ವಾಕ್ಯಕ್ಕೂ ಕಳಿಸಬಹುದು. ಮೂಲದ ನಕಲು ಮಾಡಿಕೊಳ್ಳುವುದು, ಅದರಲ್ಲಿ ತಿದ್ದುವುದು, ತೆಗೆದುಕೊಳ್ಳಿ ಎಂದು ಕೇಳಿಕೊಳ್ಳುವುದು. ಆ ಕೇಳಿಕೆಗೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಅಮೆರಿಕದಲ್ಲಿ ಜೆನಿಫರ್ ಪಾಲ್ಕಾ 2009ರಲ್ಲಿ ಶುರುಮಾಡಿದ 'ಕೋಡ್ ಫಾರ್ ಅಮೆರಿಕ'ದ ಊರೂರಿನ ದಳಗಳು, 2011ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ನಕಾಶೆ ಮತ್ತು ಸಾರ್ವಜನಿಕ ಅಂಕಿಅಂಶ ಕೂಡಿಹಾಕುವ 'ಡೇಟಾಮೀಟ್', ಇಂಥ ಸ್ವಯಂಸೇವಕರೆಲ್ಲ ಈ ದಾರಿ ಹಿಡಿದರು. ಕನ್ನಡದಲ್ಲಿ ಇದಕ್ಕೂ ಹಿಂದಿನಿಂದ ಹೆಸರಿಗೆ ಆಸೆಪಡದ ದುಡಿಮೆ ನಡೆದೇ ಇತ್ತು. 1998ರಲ್ಲಿ ಬಂದ ಬರಹ ತಂತ್ರಾಂಶ ಪುಕ್ಕಟೆ ಸಿಗುತ್ತಿತ್ತು. ನಮ್ಮ ಅಚ್ಚುಕೂಟಕ್ಕೆ ಪತ್ರ ಬರೆಯುತ್ತಿದ್ದ ಹೊರದೇಶದ ಕನ್ನಡಿಗರೆಲ್ಲ ಅದರಲ್ಲೇ ಬರೆಯುತ್ತಿದ್ದರು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಸ್ವಯಂಸೇವಕರು ಮಾಡಿಕೊಟ್ಟರು. ನಾನು ಓದಿದ ಆ ಪಾಠದ ಪುಟದ ಅಕ್ಷರಗಳು ನವಿಲು.

ನಮ್ಮ ನಾಡಿನಲ್ಲಿ ಓದುಗ ತಿದ್ದುವುದು ಹೊಸತೇನೂ ಅಲ್ಲ. ಓಲೆಗರಿ ನಕಲು ಮಾಡುತ್ತಿದ್ದವರು ಕೊನೆಯಲ್ಲಿ, ತಪ್ಪಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಂಡು ಮುಗಿಸುತ್ತಿದ್ದರು. ಆದರೆ ಹಾಗೆ ತಿದ್ದಿದ್ದು ಆ ಒಂದು ಗರಿಯಲ್ಲೇ ಉಳಿಯುತ್ತಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದರು. 1843ರ ಜುಲೈ 1ರಂದು ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂತು. ಅಚ್ಚಿನಿಂದ ಒಂದೇ ಪಾಠ ನೂರಾರು ಮನೆ ಸೇರಿತು, ಒಂದೇ ತಪ್ಪೂ ನೂರಾರು ಮನೆ ಸೇರಿತು. ಆಗ ಹುಟ್ಟಿಕೊಂಡದ್ದು ಒಪ್ಪೋಲೆ, ಪುಸ್ತಕದ ಕೊನೆಗೆ ಅಂಟಿಸುವ ತಪ್ಪು-ಒಪ್ಪುಗಳ ಪಟ್ಟಿ. ಕಿಟ್ಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ಅದನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಸಂಪುಟಗಳನ್ನು ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ನಡುವೆ ಹೊರತಂದಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ನಡುವೆ ತಮ್ಮ ಪ್ರತಿಯ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡ ಮೇಷ್ಟರುಗಳು ಎಷ್ಟು ಜನರೋ.

ನನ್ನ ತಿದ್ದುಪಡಿಯ ಕಥೆಗೆ ಬರುತ್ತೇನೆ. ತಂಗಿಯ ಮಗ ಖಾತೆ ಮಾಡಿಕೊಟ್ಟ. ಪುಟದ ಮೂಲವನ್ನು ತೆರೆದರೆ ಮೂಲೆಯಲ್ಲೊಂದು ಪೆನ್ಸಿಲಿನ ಚಿತ್ರ, ಅದನ್ನು ಒತ್ತಿದರೆ ತಿದ್ದಬಹುದು. ನನ್ನ ಜೀವಮಾನದ ಆಯುಧವೇ ಅಲ್ಲಿ ಗುರುತಾಗಿ ಕೂತಿದೆ. ಪಾಠದಲ್ಲಿದ್ದ ಸೊನ್ನೆಗಳನ್ನು ಒಂದೊಂದಾಗಿ ತೆಗೆದು ಬಿಂದು ಇಟ್ಟೆ. ತಲೆಬರಹ 'ಕನ್ನಡ ಟೈಪಿಂಗ್' ಎಂದಷ್ಟೇ ಇತ್ತು. ಮುಂದೆ ಎರಡು ಚುಕ್ಕೆ ಹಾಕಿ 'ಮೊದಲ ಪಾಠ' ಎಂದೂ ಸೇರಿಸಿದೆ. ಕಳಿಸಿದ ಅರ್ಧ ನಿಮಿಷಕ್ಕೆ ಕೆಂಪು ಗುರುತು ಬಂತು. ಯಾರಾದರೂ ತಿದ್ದುಪಡಿ ಕಳಿಸಿದಾಗ ಯಂತ್ರ ಅದನ್ನು ಸೇರಿಸಿ ಇಡೀ ಸೈಟನ್ನು ಒಮ್ಮೆ ಅಚ್ಚು ಹಾಕಿ ನೋಡುತ್ತದೆ, ಆಗದಿದ್ದರೆ ಕೆಂಪು. ಕಡತದ ನೆತ್ತಿಯಲ್ಲಿ ಮೂರು ಅಡ್ಡಗೆರೆಗಳ ಎರಡು ಸಾಲುಗಳ ನಡುವೆ ಶೀರ್ಷಿಕೆ, ತಾರೀಕು ಬರೆಯುವ ಜಾಗವಿರುತ್ತದೆ. ಅಲ್ಲಿ ಎರಡು ಚುಕ್ಕೆಗೆ ಬೇರೆಯೇ ಅರ್ಥ. ಶೀರ್ಷಿಕೆಯೊಳಗೆ ಅದು ಬಂದರೆ ಇಡೀ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯಲ್ಲಿ ಕೂಡಿಸಬೇಕು. ಬಿಗಿಯಾಗದ ಒಂದು ಮೊಳೆಯಿಂದ ಫಾರಂ ಎತ್ತುವಾಗ ಪುಟವೆಲ್ಲ ನೆಲಕ್ಕೆ ಸುರಿದದ್ದನ್ನು ನಾನು ಕಂಡಿದ್ದೇನೆ. ಇಲ್ಲಿ ಸುರಿಯಲಿಲ್ಲ, ಸುರಿಯುತ್ತದೆ ಎಂದು ಮೊದಲೇ ಹೇಳಿತು. ಸರಿಮಾಡಿದೆ, ಹಸಿರು ಬಂತು.

ಅದನ್ನು ಪರಿಶೀಲಿಸಿದವಳು ಶಿವಮೊಗ್ಗದ ಹುಡುಗಿ. "ಮೇಡಂ, ಕೆಂಪು ಸಾಲಿಗೂ ಹಸಿರು ಸಾಲಿಗೂ ನನಗೆ ವ್ಯತ್ಯಾಸವೇ ಕಾಣ್ತಾ ಇಲ್ಲ. ಏನು ಬದಲಾಯಿಸಿದ್ದೀರಿ?" ಎಂದು ಕೇಳಿದಳು. ಮೊದಲಿನ ಸಾಲು ಕೆಂಪು ಹಿನ್ನೆಲೆಯಲ್ಲಿ, ತಿದ್ದಿದ ಸಾಲು ಹಸಿರು ಹಿನ್ನೆಲೆಯಲ್ಲಿ ಒಂದರ ಕೆಳಗೊಂದು. ಕಣ್ಣಿಗೆ ಎರಡೂ ಒಂದೇ. 3302 ತೆಗೆದು 3202 ಇಟ್ಟಿದ್ದೇನೆ, ಬೇಕಾದರೆ ಹುಡುಕಿ ನೋಡಮ್ಮ ಎಂದು ವಿವರಿಸಿದೆ. ಅವಳು ನೋಡಿದಳು. ಅಷ್ಟಕ್ಕೇ ಬಿಡಲಿಲ್ಲ. ಸೈಟಿನ ಉಳಿದ ಪುಟಗಳಲ್ಲೂ ಇರಬಹುದಲ್ಲವೇ ಎಂದಳು. ತಂಗಿಯ ಮಗ ಎಲ್ಲ ಕಡತಗಳಲ್ಲೂ ಹುಡುಕಿಸಿದ. ಎಲ್ಲವನ್ನೂ ಒಂದೇ ಆದೇಶದಲ್ಲಿ ಬದಲಿಸಿಬಿಡುತ್ತೇನೆಂದು ಹೊರಟವನನ್ನು ನಾನು ತಡೆದೆ. ಕೆಲವು ಪುಟಗಳಲ್ಲಿ ಇಸವಿಗಳು ಕನ್ನಡ ಅಂಕಿಯಲ್ಲಿದ್ದವು. ೧೯೫೦ ಎಂಬುದರ ಸೊನ್ನೆ ನಿಜವಾದ ಸೊನ್ನೆ. ಯಂತ್ರ ಅದನ್ನೂ ಬಿಂದು ಮಾಡಿದರೆ ಇಸವಿ ಕೆಡುತ್ತದೆ. ಎರಡು ಸಂಜೆ ಕೂತು ಒಂದೊಂದನ್ನೂ ಕಣ್ಣಿಂದ ನೋಡಿ ಬೇರ್ಪಡಿಸಿದೆ.

ಆಮೇಲೆ ಇಂಥವು ಸಿಗುತ್ತಲೇ ಹೋದವು. 'ರ‍್ಯಾಂಕ್' ಎಂದು ಬರೆಯಲು ರಕಾರದ ನಂತರ 8205 ಎಂಬ ಸಂಖ್ಯೆಯ, ಕಣ್ಣಿಗೆ ಕಾಣದ ಒಂದು ಅಕ್ಷರ ಕೂಡಿಸಬೇಕು. ಇಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಮುಂದಕ್ಕೆ ಹೋಗುತ್ತದೆ. ಮೊಳೆಯಲ್ಲಿ ರಕಾರ ಇಟ್ಟು ಕೆಳಗೆ ಯಒತ್ತು ಕೂಡಿಸಿದರೆ ಮುಗಿಯುತ್ತಿತ್ತು. ಇನ್ನು ಏತ್ವದ ದೀರ್ಘ. ಅದಕ್ಕೆ 3271 ಎಂಬ ಒಂದೇ ಸಂಖ್ಯೆಯೂ ಇದೆ, 3270 ಮತ್ತು 3285 ಎಂಬ ಎರಡು ತುಂಡುಗಳಾಗಿಯೂ ಬರೆಯಬಹುದು. ಹೊರಗೆ ಒಂದೇ ರೂಪ, ಒಳಗೆ ಎರಡು ಬಗೆ. ಪದಗಳನ್ನು ಅಕಾರಾದಿಯಾಗಿ ಜೋಡಿಸುವಾಗ, ಹುಡುಕುವಾಗ ತೊಡಕು ಬರುವುದು ಇಲ್ಲೇ.

ಈ ರೂಢಿ ಕೆಟ್ಟದ್ದನ್ನೂ ಹೇಳಬೇಕು. ಅಕ್ಟೋಬರ್ ತಿಂಗಳಲ್ಲಿ ಇಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಎಂಬ 'ಹ್ಯಾಕ್ಟೋಬರ್‌ಫೆಸ್ಟ್' 2014ರಿಂದ ನಡೆಯುತ್ತಿತ್ತು. 2020ರಲ್ಲಿ ಅದು ಕಟ್ಟೆಯೊಡೆಯಿತು. ಪುಟದಲ್ಲಿ ಸುಮ್ಮನೆ ಒಂದು ಹೊಗಳಿಕೆಯ ಪದ ಸೇರಿಸಿ ಕಳಿಸಿದವರು ಸಾವಿರಾರು, ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಬಹಳ. ಸಂಬಳವಿಲ್ಲದೆ ದುಡಿಯುವವರು ದಿನಗಟ್ಟಲೆ ಆ ಕಸ ಗುಡಿಸಿದರು. ಅದೇ ತಿಂಗಳು ನಿಯಮ ಬದಲಾಗಿ, ಒಪ್ಪಿದವರ ಯೋಜನೆಗಳಿಗೆ ಮಾತ್ರ ಲೆಕ್ಕ ಎಂದಾಯಿತು. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಇನ್ನೊಬ್ಬರ ಪುಟ ತಿದ್ದುವ ಮುಂಚೆ ಅದನ್ನು ಪೂರ್ತಿ ಓದಬೇಕೆಂದು ಅವರಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ನನ್ನ ಮೊದಲ ತಿದ್ದುಪಡಿಯನ್ನು ಶಿವಮೊಗ್ಗದ ಹುಡುಗಿ ಸೇರಿಸಿಕೊಂಡದ್ದು ಒಂದು ಗುರುವಾರ ರಾತ್ರಿ. ತಂಗಿಯ ಮಗ ಫೋನಿನಲ್ಲಿ ತೋರಿಸಿದ. ಆ ಸೈಟಿನ ಶುರುವಿನಿಂದ ಆದ ಬದಲಾವಣೆಗಳ ಉದ್ದ ಪಟ್ಟಿ, ಮೇಲ್ತುದಿಯಲ್ಲಿ ನನ್ನ ಹೆಸರು, ಅದರ ಪಕ್ಕ ನಾನು ಬರೆದ ಕಾರಣ: 'ಸೊನ್ನೆಯ ಜಾಗದಲ್ಲಿ ಬಿಂದು.' ಮಾರನೆಯ ವಾರ, ನಮ್ಮ ಅಚ್ಚುಕೂಟದಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿದ ಹಿರಿಯರ ಮನೆಗೆ ಹೋಗಿ ಅದನ್ನು ತೋರಿಸಿದೆ. ಅವರಿಗೀಗ 81. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಅಕ್ಕಾರ, ಬಿಂದು ಸಾಕಷ್ಟು ಅದಾವೇನ್ರಿ ಇದರಾಗ?" ಎಂದು ಕೇಳಿದರು.

"ಎಷ್ಟ ಬೇಕಾದ್ರೂ ಅದಾವ್ರಿ" ಅಂದೆ.